ಎರಡು ನಿಮಿಷದ ಪಟ್ಟಿ

ಆ ಚಳಿಗಾಲದಲ್ಲಿ ಹೊಸ ಪರೀಕ್ಷೆಯ ಪಟ್ಟಿ ಗೆಲ್ಲಲಿ ಎಂದು ನಂದಾಳಷ್ಟು ಮನಸಾರೆ ಬಯಸಿದವರು ಕಾರ್ಖಾನೆಯಲ್ಲಿ ಇನ್ನೊಬ್ಬರಿರಲಿಲ್ಲ.

ಮುಧೋಳದಿಂದ ಲೋಕಾಪುರಕ್ಕೆ ಹೋಗುವ ರಸ್ತೆಯಲ್ಲಿದ್ದ ಆ ಬೆಲ್ಲದ ಪುಡಿ ಕಾರ್ಖಾನೆಯಲ್ಲಿ ಅವಳು ಹನ್ನೊಂದು ವರ್ಷದಿಂದ ಕೆಮಿಸ್ಟ್. ಸುತ್ತಲಿನ ಕಬ್ಬಿನ ಗಾಣಗಳಿಂದ ಬೆಲ್ಲದ ದೊಡ್ಡ ಗಟ್ಟಿಗಳು, ಅಂದರೆ ಪೆಂಟಿಗಳು, ಬರುತ್ತಿದ್ದವು. ಹಳದಿ ಬಣ್ಣ ಬರಲೆಂದು ಯಾರಾದರೂ ಗಂಧಕದ ಪೌಡರ್ ಸುರಿದಿದ್ದಾರೆಯೇ ಎಂದು ನೋಡುವುದು ಅವಳ ಕೆಲಸ. ಬೆಲ್ಲದ ನೀರನ್ನು ಆಮ್ಲದ ಜೊತೆ ಗಾಜಿನ ಬುರುಡೆಯಲ್ಲಿ ಕುದಿಸಬೇಕು, ಹೊರಟ ಗಾಳಿಯನ್ನು ಇನ್ನೊಂದು ದ್ರವದೊಳಗೆ ಹಾಯಿಸಬೇಕು, ಕೊನೆಗೆ ಕ್ಷಾರವನ್ನು ಹನಿಹನಿಯಾಗಿ ಬಿಟ್ಟು ಅಳೆಯಬೇಕು. ಒಂದು ಮಾದರಿಗೆ ಎರಡು ತಾಸು. ಬನಹಟ್ಟಿಯಿಂದ ಬಸ್ಸಿನಲ್ಲಿ ನಿಂತು ಬಂದು, ಇಲ್ಲಿ ಬುರುಡೆಯ ಮುಂದೆ ನಿಂತು, ಸಂಜೆ ಮತ್ತೆ ನಿಂತೇ ಹೋಗಿ, ಮನೆಯಲ್ಲಿ ಮಗ್ಗದ ಸದ್ದಿನ ನಡುವೆ ಒಲೆಯ ಮುಂದೆ ನಿಲ್ಲುವಳು. ನಲವತ್ತಾರನೇ ವಯಸ್ಸಿಗೇ ಅವಳ ಮೊಣಕಾಲುಗಳು ಅತ್ತೆ ಬೋರವ್ವನ ಮೊಣಕಾಲಿಗಿಂತ ಮೊದಲೇ ಸೋತಿದ್ದವು.

ಹೊಸ ಪಟ್ಟಿ ಬೆರಳುದ್ದದ ಕಾಗದ. ಬೆಲ್ಲದ ನೀರಿನಲ್ಲಿ ಅದ್ದಿ ಎರಡು ನಿಮಿಷ ಕಾದರೆ ಸಾಕು. ಬೆಳ್ಳಗೆ ಉಳಿದರೆ ಪಾಸು, ಕೆಂಪಗಾದರೆ ಫೇಲು. ಬೆಲ್ಲದ ಪುಡಿ ಕೊಳ್ಳುತ್ತಿದ್ದ ಪುಣೆಯ ಪಾನೀಯದ ಕಂಪನಿ ಪ್ರತಿಯೊಂದು ಲೋಡೂ ಪರೀಕ್ಷೆಯಾಗಬೇಕೆಂದು ಪಟ್ಟು ಹಿಡಿದಿದ್ದರಿಂದ ಮ್ಯಾನೇಜರ್ ಈಶ್ವರ ಅದನ್ನು ತರಿಸಿದ್ದ.

"ಅರವತ್ತು ಸ್ಯಾಂಪಲ್ ಎರಡೂ ರೀತಿಲೆ ಮಾಡ್ರಿ ಮೇಡಂ," ಎಂದಿದ್ದ. "ಎರಡೂ ಒಂದ ಉತ್ತರ ಕೊಟ್ರ ಪಟ್ಟಿ ಸರಿ ಐತಿ ಅಂತ ಕಾಗದಕ್ಕ ಸಹಿ ಮಾಡ್ರಿ, ಆತು. ಆಮ್ಯಾಲ ಆ ಬುರುಡಿ ಕಪಾಟಿನಾಗ ಇಟ್ಟುಬಿಡೂದ."

ಕಪಾಟು ಎಂಬ ಮಾತು ಕೇಳಿಯೇ ನಂದಾಳಿಗೆ ಅರ್ಧ ದಣಿವು ಇಳಿದಂತಾಗಿತ್ತು. ಹಾಗಾಗಿ, ಅರವತ್ತೂ ಮುಗಿಯುವ ಮೊದಲೇ ಈಶ್ವರ ಪಟ್ಟಿಯನ್ನು ಗೇಟಿಗೆ ತಂದಾಗ ಅವಳು ತಡೆಯಲಿಲ್ಲ. ಅದ್ದಿ ನೋಡಿ ಒಳಗೆ ಬಿಡುವುದನ್ನೂ ವಾಪಸ್ ಕಳಿಸುವುದನ್ನೂ ತಾನೇ ಮಾಡಿದಳು.

ಹಾಗೆ ವಾಪಸ್ ಹೋದದ್ದು ಗಲಗಲಿಯ ರತ್ನಾಬಾಯಿಯ ಟ್ರ್ಯಾಕ್ಟರ್. ಒಂದು ಸಲವಲ್ಲ, ಎರಡು ಸಲ. ಗಂಡ ತೀರಿದ ಮೇಲೆ ಗಾಣವನ್ನು ತಾನೇ ನಡೆಸುತ್ತಿದ್ದ ಅರವತ್ತರ ಹೆಂಗಸು. ಎರಡನೇ ಸಲ ಅವಳು ತನ್ನ ಕರಿ ಬೆಲ್ಲದ ಪೆಂಟಿಯನ್ನು ಒಡೆದು, ಒಂದು ಚೂರನ್ನು ನಂದಾಳೆದುರೇ ಬಾಯಿಗೆ ಹಾಕಿಕೊಂಡಳು.

"ಇದನ್ನ ನನ್ನ ಮೊಮ್ಮಕ್ಕಳು ತಿಂತಾವ್ರಿ ಬಾಯಾರ. ಇದರಾಗ ನಾ ಪೌಡರ್ ಹಾಕ್ತೇನೇನು?"

"ಪಟ್ಟಿ ಹೇಳಾಕತ್ತೈತ್ರಿ ಅಕ್ಕಾರ, ನಾ ಅಲ್ಲ," ಎಂದಳು ನಂದಾ. ಹಿಂದೆ ಇನ್ನೂ ನಾಲ್ಕು ಟ್ರ್ಯಾಕ್ಟರ್ ಹಾರ್ನ್ ಹೊಡೆಯುತ್ತಿದ್ದವು.

ವಾಪಸ್ ಹೋದ ಪ್ರತಿ ಲೋಡಿನಿಂದ ಒಂದು ತುಂಡು ತೆಗೆದಿಡುವುದು ರೂಢಿ. ರತ್ನಾಬಾಯಿಯ ತುಂಡು ಅರವತ್ತು ಮಾದರಿಗಳ ಸಾಲಿನಲ್ಲಿ ನಲವತ್ತೊಂದನೆಯದಾಯಿತು. ಅದಕ್ಕೂ ಮೊದಲಿನ ನಲವತ್ತು ಮಾದರಿಗಳಲ್ಲಿ ಪಟ್ಟಿ ಮತ್ತು ಬುರುಡೆ ಒಂದೇ ಮಾತು ಹೇಳಿದ್ದವು. ನಲವತ್ತೊಂದಕ್ಕೆ ಪಟ್ಟಿ ಕೆಂಪಗಾಯಿತು. ಬುರುಡೆಯಲ್ಲಿ ಗಂಧಕದ ಸುಳಿವೇ ಇರಲಿಲ್ಲ.

ಗಾಳಿ ಎಲ್ಲೋ ಸೋರಿರಬೇಕು ಎಂದುಕೊಂಡಳು. ಕೀಲುಗಳಿಗೆ ಗ್ರೀಸ್ ಸವರಿ ಇನ್ನೊಮ್ಮೆ ಕುದಿಸಿದಳು. ಮತ್ತೆ ಸೊನ್ನೆ. ಗಡಿಯಾರ ನೋಡಿದಳು. ಐದೂವರೆಯ ಬಸ್ಸು ತಪ್ಪಿದರೆ ಮುಂದಿನದರಲ್ಲಿ ಕಾಲಿಡಲೂ ಜಾಗ ಸಿಗದು. ಪರೀಕ್ಷೆಯ ಪುಸ್ತಕದ ಆ ಸಾಲಿನ ಎದುರು ಪೆನ್ಸಿಲಿನಲ್ಲಿ 'ಕೈತಪ್ಪು' ಎಂದು ಬರೆದು, ಕೋಟು ಕಳಚಿ ಹೊರಟುಬಿಟ್ಟಳು.

ಮರುದಿನ ಪುಸ್ತಕ ತೆರೆದಾಗ ಆ ಮಾತನ್ನು ನೋಡಲು ಅವಳಿಗೇ ನಾಚಿಕೆಯಾಯಿತು. ಹನ್ನೊಂದು ವರ್ಷದಲ್ಲಿ ಬುರುಡೆ ಅವಳ ಕೈಯಲ್ಲಿ ಎರಡೆರಡು ಸಲ ತಪ್ಪಿದ್ದಿಲ್ಲ. ಮೊದಲಿನ ನಲವತ್ತು ತುಂಡುಗಳ ಡಬ್ಬಿಗಳನ್ನು ಸಾಲಾಗಿ ಜೋಡಿಸಿದಳು. ಎಲ್ಲವೂ ಹಳದಿ, ತಿಳಿಗಂದು. ಗೋದಾಮಿನಿಂದ ಈಶ್ವರ ಕಳಿಸಿದ್ದೇ ಅಂಥವು. ಕರಿ ಬೆಲ್ಲ ಇದ್ದದ್ದು ಒಂದೇ, ರತ್ನಾಬಾಯಿಯದು. ಹಾಗಾದರೆ ಪಟ್ಟಿ ಗಂಧಕವನ್ನು ಹಿಡಿದಿತ್ತೋ, ಬೆಲ್ಲದ ಬಣ್ಣವನ್ನೇ ಹೀರಿ ಕೆಂಪಗಾಗಿತ್ತೋ?

ತಿಳಿಯಬೇಕಾದರೆ ಪೌಡರ್ ಬಿದ್ದಿಲ್ಲವೆಂದು ತಾನೇ ಕಣ್ಣಾರೆ ಕಂಡ ಕರಿ ಬೆಲ್ಲ ಬೇಕಿತ್ತು. ವಾರಕ್ಕೊಂದು ರಜೆ, ಆ ಭಾನುವಾರ ಬಟ್ಟೆ ಒಗೆಯುವುದನ್ನು ಬಿಟ್ಟು ಅವಳು ಗಲಗಲಿಯ ಬಸ್ಸು ಹತ್ತಿದಳು.

ರತ್ನಾಬಾಯಿ ಅವಳನ್ನು ಕಂಡು ಏಳಲಿಲ್ಲ.

"ಮತ್ತೇನ್ರಿ? ಮನೀತನಕ ಬಂದು ಫೇಲ್ ಮಾಡಾವ್ರೇನು?"

"ಬೆಲ್ಲ ಮಾಡೂದು ನೋಡಾಕ ಬಂದೇನ್ರಿ. ನನ್ನ ಪಟ್ಟೀನ ತಪ್ಪೇನೋ ಅಂತ ಸಂಶೆ ಬಂದೈತಿ."

"ಊರಾಗ ನನಗ ಏನಂತಾರ ಗೊತ್ತೈತೇನ್ರಿ? ಪೌಡರ್ ರತ್ನವ್ವ ಅಂತಾರ. ನಮ್ಮ ಓಣಿ ಚನಮಲ್ಲಪ್ಪ ತನ್ನ ಮಗಳ ಸೀಮಂತಕ್ಕ ಬೆಲ್ಲ ಹೇಳಿದ್ದ, ಬ್ಯಾಡ ಅಂತ ಹೇಳಿ ಕಳಸಿದ." ಆಮೇಲೆ ರತ್ನಾಬಾಯಿ ಗೋಣಿಚೀಲವೊಂದನ್ನು ಕೊಡವಿ ಹಾಸಿದಳು. "ಕುಂದರ್ರಿ. ಎಲ್ಲಾ ನೋಡ್ರಿ."

ನಂದಾ ಕುಳಿತಳು. ಗಾಣದಿಂದ ಕಬ್ಬಿನ ಹಾಲು ಇಳಿಯುವುದು, ಕೊಪ್ಪರಿಗೆಯಲ್ಲಿ ಕುದಿಯುವುದು, ಬೆಂಡೆ ಗಿಡದ ಲೋಳೆ ಹಾಕಿದಾಗ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುವುದು, ಅದನ್ನು ಜಾಲರಿಯಿಂದ ಎತ್ತಿ ಚೆಲ್ಲುವುದು, ಎಲ್ಲವನ್ನೂ ಕಣ್ಣು ಕೀಳದೆ ನೋಡಿದಳು. ಹೊಗೆಗೆ ಕಣ್ಣು ಉರಿದವು. ಮೂರು ತಾಸಿನಲ್ಲಿ ಬೇರೇನೂ ಕೊಪ್ಪರಿಗೆಗೆ ಬೀಳಲಿಲ್ಲ. ಬಿಸಿ ಬೆಲ್ಲವನ್ನು ತನ್ನದೇ ಡಬ್ಬಿಗೆ ಹಾಕಿಸಿಕೊಂಡು, ಬಾಯಿಗೆ ಸೀಲು ಅಂಟಿಸಿ, ರತ್ನಾಬಾಯಿ ಕೊಟ್ಟ ಒಂದು ಲೋಟ ಕಬ್ಬಿನ ಹಾಲು ಕುಡಿದು ಹೊರಟಳು.

ಸೋಮವಾರ ಪಟ್ಟಿ ಮತ್ತೆ ಕೆಂಪಗಾಯಿತು. ಬುರುಡೆ ಮತ್ತೆ ಸೊನ್ನೆ ಎಂದಿತು.

ಈಶ್ವರ ಪುಸ್ತಕ ನೋಡಿ ಕನ್ನಡಕ ತೆಗೆದ. ಅವನೂ ದಣಿದಿದ್ದ, ಪುಣೆಯಿಂದ ದಿನಕ್ಕೆ ಮೂರು ಫೋನ್ ಬರುತ್ತಿದ್ದವು. "ನೀರು ಜಾಸ್ತಿ ಹಾಕಿ ನೋಡ್ರಿ ಮೇಡಂ, ಬಣ್ಣ ತಿಳಿ ಆಗ್ತೈತಿ."

ಹಾಕಿ ನೋಡಿದಳು. ಬಣ್ಣವೇನೋ ತಿಳಿಯಾಯಿತು, ಪಟ್ಟಿ ಬೆಳ್ಳಗೆ ಉಳಿಯಿತು. ಆದರೆ ಅದೇ ಬೆಲ್ಲಕ್ಕೆ ತಾನೇ ಅಳೆದು ಗಂಧಕದ ಪೌಡರ್ ಬೆರೆಸಿ, ಅಷ್ಟೇ ನೀರು ಹಾಕಿ ಅದ್ದಿದಾಗಲೂ ಪಟ್ಟಿ ಬೆಳ್ಳಗೇ ಉಳಿಯಿತು. ನೀರು ಕಡಿಮೆಯಾದರೆ ನಿರಪರಾಧಿಗೆ ಶಿಕ್ಷೆ, ಹೆಚ್ಚಾದರೆ ಕಳ್ಳನಿಗೆ ಬಿಡುಗಡೆ.

"ಮೊದಲಿನಂಗ ಇರಲಿ ಬಿಡ್ರಿ ಹಂಗಾರ," ಎಂದ ಈಶ್ವರ. "ಛಲೋ ಬೆಲ್ಲ ನಾಕು ವಾಪಸ್ ಹೋದ್ರ ನಮಗೇನು? ಕೆಟ್ಟದ್ದು ಒಳಗ ಬರಬಾರದು, ಅಷ್ಟ."

"ಖರೆ ಸರ್, ನಮಗೇನಿಲ್ಲ," ಎಂದಳು ನಂದಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಷ್ಟು ಶಕ್ತಿಯೂ ಇರಲಿಲ್ಲ. "ಆದ್ರ ಕಾಗದದ ಮ್ಯಾಲ ಈ ಪಟ್ಟಿ ಎಲ್ಲಾ ಬೆಲ್ಲಕ್ಕೂ ಸರಿ ಅಂತ ಬರದೈತಿ. ಅದಕ್ಕ ನಾ ಸಹಿ ಮಾಡೂದಿಲ್ರಿ. ಹಳದಿ ಬೆಲ್ಲಕ್ಕ ಅಷ್ಟ ಸರಿ ಅಂತ ಬರೀರಿ, ಈಗ ಮಾಡ್ತೇನಿ."

"ಕರಿ ಬೆಲ್ಲಕ್ಕ?"

"ಬುರುಡಿ."

"ಅಷ್ಟೂ ಕೆಲಸ ನಿಮ್ಮ ಹಂತ್ಯಾಕ ಬರ್ತದ ಮೇಡಂ. ಇನ್ನೊಬ್ಬರನ್ನ ಕೊಡಾಕ ಆಗೂದಿಲ್ಲ, ಈಗ ಹೇಳ್ತೇನಿ."

"ಗೊತ್ತೈತ್ರಿ."

ಮೂರನೇ ದಿನ ಹೊಸ ಕಾಗದ ಅವಳ ಮೇಜಿಗೆ ಬಂತು, ಅವಳು ಹೇಳಿದ ಹಾಗೇ. ಉಳಿದ ಮಾದರಿಗಳನ್ನೂ ಮುಗಿಸಿ, ಒಂದೊಂದು ಸಾಲನ್ನೂ ಓದಿ ಸಹಿ ಹಾಕಿದಳು. ಪೆನ್ಸಿಲಿನ 'ಕೈತಪ್ಪು' ಎಂಬುದನ್ನು ಅಳಿಸಲಿಲ್ಲ. ಅದರ ಮೇಲೆ ಶಾಯಿಯಲ್ಲಿ ಒಂದು ಗೆರೆ ಎಳೆದು, ಪಕ್ಕದಲ್ಲಿ 'ಪಟ್ಟಿಯ ತಪ್ಪು' ಎಂದು ಬರೆದಳು.

ಆಮೇಲೆ ರತ್ನಾಬಾಯಿಗೆ ಫೋನ್ ಮಾಡಿದಳು. "ನಿಮ್ಮ ಬೆಲ್ಲದಾಗ ಏನೂ ಇಲ್ರಿ ಅಕ್ಕಾರ."

"ಅದು ನನಗ ಗೊತ್ತಿತ್ತಲ್ರಿ. ಊರಿಗೆ ಹೇಳಾವ್ರ್ಯಾರು?"

ನಂದಾ ಬಿಳಿ ಹಾಳೆಯ ಮೇಲೆ ಎರಡೂ ಪರೀಕ್ಷೆಗಳ ಫಲ ಬರೆದಳು. ಎರಡು ಸಲ ಲೋಡನ್ನು ವಾಪಸ್ ಕಳಿಸಿದ್ದು ನಮ್ಮ ತಪ್ಪು ಎಂದೂ ಬರೆದಳು. ಕಾರ್ಖಾನೆಯ ಮೊಹರು ಹಾಕಲು ಈಶ್ವರ ಒಪ್ಪಲಿಲ್ಲ. ಹಾಳೆಯನ್ನು ಹರಿದುಹಾಕಲು ಹೇಳಲೂ ಇಲ್ಲ. ನಂದಾ ತನ್ನ ಹೆಸರು, ಓದು, ಕೆಲಸ ಬರೆದು ಸಹಿ ಮಾಡಿ ಗಲಗಲಿಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದಳು.

ವಾರದ ನಂತರ ರತ್ನಾಬಾಯಿಯೇ ಫೋನ್ ಮಾಡಿದಳು. ಕಾಗದವನ್ನು ಗಾಣದ ಬಾಗಿಲಿಗೆ ಹಚ್ಚಿದ್ದಳಂತೆ. ಚನಮಲ್ಲಪ್ಪ ನಿಂತು ಓದಿದನಂತೆ, ಸಂಜೆ ಮಗಳನ್ನೇ ಕಳಿಸಿ ಎರಡು ಪೆಂಟಿ ಒಯ್ಯಿಸಿದನಂತೆ.

"ಈ ವರ್ಷ ನಿಮ್ಮ ಫ್ಯಾಕ್ಟರಿಗೆ ಕಳಸೂದಿಲ್ರಿ ಬಾಯಾರ. ಜಮಖಂಡಿ ಪ್ಯಾಟಿಗೆ ಹಾಕಾಕತ್ತೇನಿ. ಮುಂದಿನ ವರ್ಷ ನೋಡೂನು."

"ಆತ್ರಿ ಅಕ್ಕಾರ," ಎಂದಳು ನಂದಾ. ಬರಬೇಕೆಂದು ಕೇಳುವ ಹಕ್ಕು ತನಗಿಲ್ಲ ಎನಿಸಿತು.

ಹೊರಗೆ ಗೇಟಿನಲ್ಲಿ ಹಳದಿ ಬೆಲ್ಲದ ಟ್ರ್ಯಾಕ್ಟರುಗಳು ಎರಡೆರಡು ನಿಮಿಷಕ್ಕೆ ಒಳಗೆ ಬರುತ್ತಿದ್ದವು. ಬೇವಿನ ನೆರಳಿನಲ್ಲಿ ಬೇರೆ ಊರುಗಳ ಮೂರು ಕರಿ ಬೆಲ್ಲದ ಲೋಡುಗಳು ಕಾಯುತ್ತಿದ್ದವು. ನಂದಾ ಮೊದಲನೆಯದರ ತುಂಡು ತೂಗಿ, ಬುರುಡೆಗೆ ಹಾಕಿ, ಗ್ಯಾಸ್ ಹಚ್ಚಿದಳು.