ಶಾಲೆಯ ತಾರಸಿ ಮೇಲೆ ಮರಳಿನ ಚೀಲ

ಯುದ್ಧ ಶುರುವಾದಾಗಿನಿಂದ ಹೊಲಿಗೆಯಮ್ಮನಿಗೆ ಒಂದೇ ಚಿಂತೆ. ಏಳನೇ ಕ್ಲಾಸಿನ ಮಗಳನ್ನು ಶಾಲೆಗೆ ಕಳಿಸೋದಾ, ಬೇಡವಾ? ಕಳಿಸಿದರೆ ವಾಪಸ್ ಬರೋವರೆಗೂ ಬಾಗಿಲಿಗೂ ಬೀದಿಗೂ ಓಡಾಟ. ಮನೆಯಲ್ಲಿ ಕೂರಿಸಿದರೆ ಮಗಳು ಮುಖ ಊದಿಸಿಕೊಂಡು ಊಟವನ್ನೇ ಬಿಡುತ್ತಿದ್ದಳು.

ಹಾಗಾಗಿ ತಮ್ಮ ಕಡೆಯ ಸೈನಿಕರೇ ಬಂದು ಶಾಲೆಯ ಮೇಲಂತಸ್ತಿನಲ್ಲಿ ಬಿಡಾರ ಹೂಡಿದಾಗ ಅವಳಿಗೆ ಹೋದ ಜೀವ ಬಂದಂತಾಯಿತು. ಕೆಳಗೆ ಪಾಠ, ಮೇಲೆ ಕಾವಲು. ಇನ್ನೇನು ಬೇಕು? ಅವಳದೇನು ತಪ್ಪು ಬಿಡಿ, ಹೆತ್ತವರು ಯಾರಿಗಾದರೂ ಹಾಗೇ ಅನಿಸುತ್ತದೆ. ಕರೆಂಟಿಲ್ಲದ ಊರಿನಲ್ಲಿ ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ ಇದ್ದದ್ದು ಅವಳೊಬ್ಬಳ ಹತ್ತಿರ. ಮರಳು ತುಂಬೋಕೆ ಚೀಲ ಬೇಕು ಅಂದರು ಸೈನ್ಯದ ಅಧಿಕಾರಿ. ಶಾಲೆಯ ಪರದೆಗಳನ್ನೇ ಬಿಚ್ಚಿ ತಂದು, ಜೋಡಿ ಹೊಲಿಗೆ ಹಾಕಿ ಕೊಟ್ಟಳು. ತಾರಸಿ ಮೇಲೆ, ಮಗಳ ಕ್ಲಾಸಿನ ನೆತ್ತಿಗೇ ಆ ಚೀಲಗಳನ್ನು ಪೇರಿಸಿ, ನಡುವೆ ದೊಡ್ಡದೊಂದು ಮಷಿನ್‌ಗನ್ ಇಟ್ಟರು.

ಅದೇ ಶಾಲೆಯಲ್ಲಿ ಅವಳ ನಾದಿನಿ ಟೀಚರ್. ಒಂದು ಸಂಜೆ ಬಂದವಳು ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ಕುಸಿದು ಕೂತಳು.

"ಅತ್ತಿಗೆ, ಇನ್ನು ಆ ಚೀಲ ಹೊಲೀಬೇಡಿ."

"ಯಾಕೆ ಟೀಚರಮ್ಮಾ, ಪರದೆ ಹೋಯ್ತು ಅಂತ ಹೊಟ್ಟೆಯುರೀನಾ?"

ನಾದಿನಿ ನಗಲಿಲ್ಲ. "ನದಿಯಾಚೆ ಊರಿನ ಶಾಲೆಗೆ ಇವತ್ತು ಶೆಲ್ ಬಿತ್ತು. ಅಲ್ಲೂ ತಾರಸಿ ಮೇಲೆ ಸೈನಿಕರಿದ್ದರು. ಕೆಳಗೆ ಕೂತಿದ್ದ ಮಕ್ಕಳು ಒಬ್ಬರೂ ಉಳಿದಿಲ್ಲ."

ಮಿಷನ್ ತುಳಿಯುತ್ತಿದ್ದ ಹೊಲಿಗೆಯಮ್ಮನ ಕಾಲು ನಿಂತಿತು. ಪಂಕ್ಚರ್ ಅಂಗಡಿಯಿಂದ ಆಗಷ್ಟೇ ಬಂದಿದ್ದ ಗಂಡ ಕೈ ತೊಳೆಯುವುದನ್ನು ಬಿಟ್ಟು ಒಳಗೆ ಬಂದ.

"ಅವರು ಇರೋದು ಕಾವಲಿಗೆ ತಾನೇ?" ಅಂದ.

"ನಾವು ಕಾವಲು ಅಂತೀವಿ ಅಣ್ಣ. ಆ ಕಡೆಯವನು ದುರ್ಬೀನು ಹಿಡಿದು ಗುರಿ ಅಂತಾನೆ. ಅಂತರರಾಷ್ಟ್ರೀಯ ಕಾನೂನಿನಲ್ಲಿ ಶಾಲೆ ಸಾಮಾನ್ಯ ಜನರ ಜಾಗ. ಬೇಕಂತಲೇ ಅದಕ್ಕೆ ಹೊಡೆದರೆ ಯುದ್ಧಾಪರಾಧ. ಆದರೆ ಅಲ್ಲಿಂದಲೇ ಯುದ್ಧ ಮಾಡೋಕೆ ಹೊರಟರೆ ಆ ರಕ್ಷಣೆ ಹೋಗಿಬಿಡಬಹುದು. ಆಗಲೂ ಮಕ್ಕಳನ್ನ ಲೆಕ್ಕಿಸದೆ ಹೊಡೆಯೋ ಹಾಗಿಲ್ಲ, ನಿಜ. ಹೊಡೆಯೋಕೆ ನೆಪ ಅಂತೂ ನಾವೇ ಕೊಟ್ಟ ಹಾಗಾಯ್ತು."

"ಬಾಂಬಿಗೆ ಕಾನೂನು ಓದೋಕೆ ಬರುತ್ತೇನೇ?" ಅಂದ ಅಣ್ಣ.

"ಬಾಂಬಿಗೆ ಬರಲ್ಲ. ಹಾಕು ಅಂತ ಹೇಳೋನಿಗೆ ಬರುತ್ತೆ. ಇಂದಲ್ಲ ನಾಳೆ ಅವನನ್ನ ಕಟಕಟೆಗೆ ಎಳೀಬಹುದು. ಎಲ್ಲರೂ ಹೆದರ್ತಾರೆ ಅಂತ ನಾನು ಹೇಳಲ್ಲ. ಒಬ್ಬ ಹೆದರಿದರೂ ನಮ್ಮ ಮಗು ಬದುಕುತ್ತೆ."

ಹೊಲಿಗೆಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನನ್ನ ಕೈಯಾರೆ ಹೊಲಿದು ಮಗಳ ತಲೆ ಮೇಲೆ ಇಡಿಸಿದೆನಲ್ಲ," ಅಂದಳು. ಆಮೇಲೆ ಅವಳಿಗೆ ಅಳು ತಡೆಯಲಾಗಲಿಲ್ಲ.

ಮರುದಿನ ಮೂವರೂ ಅಧಿಕಾರಿಯ ಮುಂದೆ ನಿಂತರು. ಬೀದಿಯ ತಾಯಂದಿರೂ ಹಿಂದೆ ಬಂದರು. "ಶಾಲೆಗಳನ್ನ ಯುದ್ಧಕ್ಕೆ ಬಳಸಲ್ಲ ಅಂತ ನಮ್ಮ ಸರ್ಕಾರವೇ ಜಗತ್ತಿನ ಮುಂದೆ ಮಾತು ಕೊಟ್ಟಿದೆ ಸಾರ್," ಅಂದಳು ನಾದಿನಿ.

ಅಧಿಕಾರಿಗೆ ಸಿಟ್ಟು ಬಂತು. "ನಿಮಗೋಸ್ಕರ ಸಾಯೋಕೆ ಬಂದಿರೋ ಹುಡುಗರನ್ನ ಬೀದಿಗೆ ಹಾಕ್ಲಾ?"

"ಬೇಡ ಸಾರ್," ಅಂದಳು ಹೊಲಿಗೆಯಮ್ಮ. "ಹೆದ್ದಾರಿ ಪಕ್ಕ ಸಿಮೆಂಟ್ ಗೋದಾಮು ಖಾಲಿ ಇದೆ. ಸುತ್ತ ಮನೆಗಳಿಲ್ಲ. ಅಲ್ಲಿಗೆ ಎಷ್ಟು ಚೀಲ ಬೇಕೋ ಕೂತು ಹೊಲಿತೀನಿ. ಇಲ್ಲಿಗೆ ಒಂದೂ ಇಲ್ಲ."

ಅಧಿಕಾರಿ ಬಹಳ ಹೊತ್ತು ಗೊಣಗಿದರು. ಕೊನೆಗೆ ಮೇಲಿನವರನ್ನು ಕೇಳಿ ಬಿಡಾರ ಕಿತ್ತು ಗೋದಾಮಿಗೆ ಹೋದರು.

ವಾರವೂ ಕಳೆದಿರಲಿಲ್ಲ, ಗೋದಾಮಿಗೆ ಶೆಲ್ ಬಿತ್ತು. ಶಾಲೆಯ ಹೊತ್ತು. ನೆಲ ನಡುಗಿದ್ದೇ ತಡ, ಹೊಲಿಗೆಯಮ್ಮ ಬರಿಗಾಲಲ್ಲೇ ಓಡಿದಳು. ಶಾಲೆ ಹಾಗೇ ನಿಂತಿತ್ತು. ಮಕ್ಕಳು ಬೆಂಚಿನಡಿ ಅವಿತು ಕೂತಿದ್ದರು. ಮಗಳನ್ನು ಎದೆಗೆ ಅವುಚಿಕೊಂಡವಳು ಗೋದಾಮಿನ ಕಡೆ ಏಳುತ್ತಿದ್ದ ಹೊಗೆ ನೋಡಿ ಗೋಳೋ ಅಂತ ಅತ್ತಳು. "ಅವರೂ ಯಾರೋ ಹೆತ್ತ ಮಕ್ಕಳೇ ಅಲ್ವಾ," ಅಂದಳು.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕಾನೂನು ಸತ್ತವರನ್ನು ಎಬ್ಬಿಸುವುದಿಲ್ಲ. ಯುದ್ಧವನ್ನೂ ನಿಲ್ಲಿಸಲಿಕ್ಕಿಲ್ಲ. ಆದರೆ ಶಾಲೆಯನ್ನು ಯುದ್ಧದಿಂದ ಹೊರಗಿಡಿ ಎಂದು ಕೇಳುವ ಹಕ್ಕು ನಿಮಗಿದೆ. ನಿಮ್ಮ ಊರಿನ ಶಾಲೆಯಲ್ಲಿ ಬಂದೂಕು ಕಂಡರೆ ಸುಮ್ಮನಿರಬೇಡಿ. ಟೀಚರನ್ನು, ನೆರೆಯವರನ್ನು ಜೊತೆ ಮಾಡಿಕೊಂಡು ಹೋಗಿ. ಶಾಲೆಗೆ ಹಾನಿಯಾಗಿದ್ದರೆ ಫೋಟೋ ತೆಗೆದಿಡಿ, ಕಂಡವರ ಹೆಸರು ಬರೆದಿಡಿ, ಮಾನವ ಹಕ್ಕುಗಳ ಸಂಸ್ಥೆಗೆ ತಿಳಿಸಿ. ಬಂದೂಕು ಹಿಡಿದವರು ನಮ್ಮವರೇ ಆಗಿದ್ದರೂ ಹೋಗಿ ಕೇಳಿ. ನಮ್ಮವರಾದರೆ ಇನ್ನೂ ಮೊದಲು ಕೇಳಿ.