ಐದು ಸಿಲಿಂಡರಿನ ಎಂಜಿನ್

ಶಹಾಬಾದಿನ ಕಾರ್ಖಾನೆಯಲ್ಲಿ ಲೇಥ್ ನಡೆಸುತ್ತಿದ್ದ ಬಂದೇಅಲಿಗೆ ಆರು ವರ್ಷದಿಂದ ಒಂದೇ ಹುಚ್ಚು. ಐದು ಸಿಲಿಂಡರುಗಳು ನಡುವಿನ ಪೆಟ್ಟಿಗೆಯ ಸುತ್ತ ಹೂವಿನ ಎಸಳಿನಂತೆ ನಿಂತ, ಪೆಟ್ರೋಲಿನಲ್ಲಿ ಓಡುವ ಪುಟ್ಟ ಎಂಜಿನ್ನನ್ನು ಅವನು ಕೈಯಾರೆ ಕಡೆದಿದ್ದ. ಡ್ರಾಯಿಂಗ್ ಮಾಸ್ತರ ಶ್ರೀನಿವಾಸರಾವ್ ಅದಕ್ಕೆಂದು ಮಂಚದಷ್ಟು ಉದ್ದದ ಮಾದರಿ ವಿಮಾನ ಕಟ್ಟಿದ್ದರು; ಅದರ ಗಾಲಿಗಳನ್ನೂ ಬಂದೇಅಲಿಯೇ ಕಡೆದುಕೊಟ್ಟಿದ್ದ. ಎಂಜಿನ್ ಒಂದು ಸಲ ಆಕಾಶ ಕಂಡರೆ ಜನ್ಮ ಸಾರ್ಥಕ ಎಂದು ಬಂದೇಅಲಿ ನಂಬಿದ್ದ. ನಂಬುವುದಕ್ಕೇನು ಖರ್ಚೇ?

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಮರುವರ್ಷದ ದಸರೆಗೆ ಮುಹೂರ್ತ ಕೂಡಿಬಂತು. ವಿಮಾನ ಹಾರುವುದನ್ನು ನೋಡಲು ಮುಂಬಯಿಯಿಂದ ಕಾರ್ಖಾನೆಯ ದೊಡ್ಡ ಸಾಹೇಬರು ಬರುವವರಿದ್ದರು. ಹಿಂದಿನ ದಿನ ಖಂಡೇಪೂಜೆ. ಅವತ್ತು ಕಾರ್ಖಾನೆಯಲ್ಲಿ ಯಂತ್ರಗಳಿಗೆ ಕುಂಕುಮ ಹಚ್ಚಿ, ಹೊಟ್ಟೆತುಂಬ ಎಣ್ಣೆ ಉಣಿಸಿ ಮಲಗಿಸುತ್ತಾರೆ. ಮರುದಿನದವರೆಗೆ ಯಾವುದನ್ನೂ ತಿರುಗಿಸುವಂತಿಲ್ಲ. ಮುದುಕ ಫೋರ್‌ಮನ್ ಗುರುಲಿಂಗಯ್ಯನವರು ಈ ಎಂಜಿನ್ನನ್ನೂ ದೊಡ್ಡ ಲೇಥಿನ ಪಕ್ಕ ಕೂಡಿಸಿ, ಪ್ಲಗ್ ಬಿಚ್ಚಿ, ಸಿಲಿಂಡರುಗಳಿಗೆ ಎಣ್ಣೆ ಸುರಿದರು.

"ಇದೂ ನಮ್ಮನಿ ಕೂಸ ಅದ. ಉಪಾಸ ಇಡಬಾರ್ದು," ಎಂದರು.

ಎಣ್ಣೆ ಇಳಿದು ಕೆಳಗಿನ ಸಿಲಿಂಡರುಗಳಲ್ಲಿ ಮಡುಗಟ್ಟುತ್ತದೆ, ಬಸಿಯದೆ ತಿರುಗಿಸಿದರೆ ಎಂಜಿನ್ ಒಡೆಯುತ್ತದೆ ಎಂಬುದು ಬಂದೇಅಲಿಗೆ ಗೊತ್ತಿತ್ತು. ಆದರೆ ತನ್ನ ಎಂಜಿನ್ನಿಗೆ ಇಂಥ ಮರ್ಯಾದೆ ಸಿಕ್ಕಾಗ ಬೇಡ ಎನ್ನಲು ಬಾಯಿ ಬರಲಿಲ್ಲ. ನಾಳೆ ಬಸಿದರಾಯಿತು ಎಂದುಕೊಂಡ.

ಮರುದಿನ ಸಾಹೇಬರು ಫರಸಿ ಕಲ್ಲಿನ ಖಣಿಯ ಬಯಲಿಗೆ ಹೇಳಿದ್ದಕ್ಕಿಂತ ಮೊದಲೇ ಬಂದುಬಿಟ್ಟರು. ಎಂಜಿನ್ನನ್ನು ವಿಮಾನಕ್ಕೆ ಕೂರಿಸಿ ಮುಗಿದಿತ್ತಷ್ಟೆ; ಬಂದೇಅಲಿ ಪ್ಲಗ್ ಬಿಚ್ಚುವ ಪಾನಾ ಹಿಡಿದು ಅದರ ಮುಂದೆ ಕುಳಿತ.

"ಮಾಸ್ತರ್ರ, ಜರಾ ತಡೀರಿ. ತಳಗಿನ ಪ್ಲಗ್ ಬಿಚ್ಚಿ ಎಣ್ಣಿ ಬಸೀಬೇಕು."

"ಸಾಹೇಬ್ರು ನಿಂತಾರಲ್ಲೋ. ಎಣ್ಣಿ ಕುಡುದು ಯಾವ ಎಂಜಿನ್ ಸತ್ತದ? ಸರಿ ಆಚೆ," ಎಂದು ಮಾಸ್ತರರು ಬ್ಯಾಟರಿಯ ಸ್ಟಾರ್ಟರನ್ನು ವಿಮಾನದ ಮುಂದಿನ ಪಂಖದ ಮೂತಿಗೆ ಒತ್ತಿಯೇಬಿಟ್ಟರು.

ಪಂಖ ಅರ್ಧ ಸುತ್ತು ತಿರುಗಿ ಲಟಕ್ಕೆಂದು ನಿಂತಿತು. ಕೆಳಗಿನ ಸಿಲಿಂಡರ್ ಬುಡಸಮೇತ ಸೀಳಿಹೋಗಿ, ಎಣ್ಣೆ ಫರಸಿಯ ಮೇಲೆ ಹರಿಯಿತು.

ಸಾಹೇಬರು ಹುಬ್ಬೇರಿಸಿದರು. ಮಾಸ್ತರರು ಬಂದೇಅಲಿಯ ಕಡೆ ನೋಡದೆ ಹೇಳಿದರು: "ನಾ ಮೊದಲೇ ಅಂದಿದ್ದೆ ಸರ್. ಕೈಲೆ ಮಾಡಿದ್ದು, ಕಚ್ಚಾ ಮಾಲು."

ನಡೆದದ್ದು ಹೇಳಲು ಬಾಯಿ ತೆರೆದ ಬಂದೇಅಲಿಗೆ ಮಂದಿಯ ನಡುವೆ ನಿಂತ ಗುರುಲಿಂಗಯ್ಯನವರ ಮುಖ ಕಂಡಿತು. ಎಣ್ಣೆಯ ಮಾತು ಎತ್ತಿದರೆ ತಪ್ಪು ಆ ಮುದುಕರ ಕೊರಳಿಗೆ ಬೀಳುತ್ತದೆ. ಬಗ್ಗಿ ಫರಸಿಯ ಮೇಲಿನ ಎಣ್ಣೆ ಒರೆಸತೊಡಗಿದ.

ಸಾಹೇಬರು ಮರುಗಿ ಆ ವಿಮಾನಕ್ಕೆಂದು ಮುಂಬಯಿಯಿಂದ ವಿದೇಶಿ ಎಂಜಿನ್ ಕಳಿಸಿದರು. ಚಳಿಗಾಲದಲ್ಲಿ ತಾವೂ ಮತ್ತೆ ಬಂದರು. ಮಾಸ್ತರರು ಬಂದೇಅಲಿಯ ಮನೆಗೇ ಬಂದು, ಅವನ ಹೆಂಡತಿ ತಾಜುನ್ನಿಸಾ ಕೊಟ್ಟ ಚಹಾ ಕುಡಿದು, "ಅವತ್ತಿನ ಮಾತು ಮನಸಿನ್ಯಾಗ ಇಟ್ಕೋಬ್ಯಾಡೋ. ದೊಡ್ಡವರ ಮುಂದ ಏನರೆ ಅನ್ಬೇಕಾಗ್ತದ. ನಾಳೆ ವಿಮಾನ ಹಾರಸ್ತೀವಿ, ಬಾ," ಎಂದು ಕರೆದುಹೋದರು.

"ಹೋಗಬ್ಯಾಡ್ರಿ," ಎಂದಳು ತಾಜುನ್ನಿಸಾ. ಮಾನಗೆಟ್ಟ ಮನಸ್ಸು ಕೇಳಬೇಕಲ್ಲ, ಹೋದ.

ವಿಮಾನ ಮೇಲೇರಿತು. ಬೀಳಲಿ, ಬಿದ್ದು ಚೂರಾಗಲಿ ಎಂದು ಬಂದೇಅಲಿ ಮನಸಾರೆ ಬೇಡಿಕೊಂಡ. ಅದು ಖಣಿಯ ಮೇಲೆ ಚಂದಾಗಿ ಸುತ್ತು ಹೊಡೆದು, ಮೆತ್ತಗಿಳಿದು, ಅವನ ಮುಂದೆಯೇ ಬಂದು ನಿಂತಿತು. ಮಂದಿ ಚಪ್ಪಾಳೆ ತಟ್ಟಿದರು.

ಮಾಸ್ತರರು ಅವನ ಹೆಗಲಿಗೆ ಕೈ ಹಾಕಿ ಸಾಹೇಬರ ಮುಂದೆ ಎಳೆತಂದರು. "ನಮ್ಮ ಬಂದೇಅಲಿ, ಸರ್. ಇದರ ಗಾಲಿ ಇವನೇ ಮಾಡಿದ್ದು."

ಸಾಹೇಬರು ಬಗ್ಗಿ ಗಾಲಿಗಳನ್ನು ನೋಡಿ, "ಬಹುತ್ ಅಚ್ಛಾ" ಎಂದು ಅವನ ಕೈ ಕುಲುಕಿದರು.

"ಶುಕ್ರಿಯಾ, ಸಾಬ್," ಎಂದ ಬಂದೇಅಲಿ. ಮಾಸ್ತರರನ್ನು ಅವನು ಮುಂದೊಂದು ದಿನ ಕ್ಷಮಿಸಿದ. ಆ ಶುಕ್ರಿಯಾ ತನ್ನ ಬಾಯಿಂದ ಬಂತಲ್ಲ ಎಂಬ ಹೇಸಿಕೆ ಮಾತ್ರ ಸಾಯುವವರೆಗೂ ಅವನನ್ನು ಬಿಡಲಿಲ್ಲ.