ಹಳದಿ ಬಿಲ್ಲೆ

ಮುಚ್ಚಳ ಸುರುಳಿಯಾಗಿ ಹಿಂದಕ್ಕೆ ಬಂತು. ರುಚಿಗಾರ್ತಿ ಡಬ್ಬಿಯನ್ನು ಓರೆ ಮಾಡಿ ಎಣ್ಣೆಯನ್ನು ಗಾಜಿನ ಲೋಟಕ್ಕೆ ಬಸಿದಳು, ಮೂಗಿನ ಹತ್ತಿರ ತಂದು ಮೂಸಿದಳು, ಆಮೇಲೆ ಮೀನನ್ನು ಬಿಳಿ ತಟ್ಟೆಗೆ ಬೋರಲು ಹಾಕಿದಳು. ಅಲ್ಲಿಗೆ ಕೈ ನಿಂತುಹೋಯಿತು.

ಟ್ಯೂನಾದ ತುಂಡುಗಳು ಡಬ್ಬಿಯ ಆಕಾರದಲ್ಲೇ ಒತ್ತೊತ್ತಾಗಿ ಕೂತಿದ್ದವು, ಒಂದೂ ಮುರಿದಿರಲಿಲ್ಲ. ನಡುವಿನ ಸಂದಿಯಲ್ಲಿ ಮೀನಿನ ಹೊಟ್ಟೆಭಾಗದ ಒಂದು ಕೊಬ್ಬಿದ ಚೂರು ಅಡ್ಡಲಾಗಿ ಮಲಗಿತ್ತು. ಯಂತ್ರ ಹಾಗೆ ತುಂಬುವುದಿಲ್ಲ. ಅಷ್ಟು ಒಳ್ಳೆಯ ಚೂರನ್ನು ಸಂದಿ ಮುಚ್ಚುವುದಕ್ಕೆ ಬೇರೆ ಯಾರೂ ಹಾಳು ಮಾಡುವುದಿಲ್ಲ. ಅದು ಅವಳ ಅಕ್ಕನ ಕೈ.

"ಏನ್ರೀ ನಾಲಗೆಯಮ್ಮ, ಮೀನಿನ ಜೊತೆ ಮಾತುಕತೆ ನಡೀತಿದ್ಯಾ?" ಪಕ್ಕದ ಕುರ್ಚಿಯಿಂದ ಮುದಿ ಬಾಣಸಿಗ ಕೇಳಿದ. ಆ ಮೇಜಿನಲ್ಲಿ ಅವಳಿಗೆ ಅದೇ ಹೆಸರು.

"ನಿಮ್ಮಷ್ಟು ಬಾಯಿಬಡುಕ ಅಲ್ಲ ಬಿಡಿ ಇದು."

ಎಲ್ಲರೂ ನಕ್ಕರು. ಅವಳಿಗೆ ನಗು ಬರಲಿಲ್ಲ.

ಲೇಬಲ್ಲು ಕಿತ್ತ ಡಬ್ಬಿಗಳ ಈ ಪರೀಕ್ಷೆಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಡಬ್ಬಿ ಯಾರದೆಂದು ಗುರುತು ಸಿಕ್ಕವರು ಫೋರ್ಕು ಕೆಳಗಿಟ್ಟು ಎದ್ದುಹೋಗಬೇಕು, ಆ ಡಬ್ಬಿಯ ಮಟ್ಟಿಗೆ ಅವರಿಗೆ ಬಾಯಿಲ್ಲ. ಉಳಿದವರು ತಿಂದು, ಬಾಯಿ ಬಿಡದೆ, ಚೀಲಕ್ಕೆ ಒಂದೊಂದು ಬಿಲ್ಲೆ ಹಾಕುತ್ತಾರೆ. ನೀಲಿ ಎಂದರೆ ಅತ್ಯುತ್ತಮ, ಹಳದಿ ಎಂದರೆ ಪರವಾಗಿಲ್ಲ. ಬಿದ್ದದ್ದೆಲ್ಲ ನೀಲಿಯಾಗಿದ್ದರೆ ಮಾತ್ರ ಪದಕದ ಮುದ್ರೆ.

ಆ ಮುದ್ರೆಗಾಗಿ ಅಕ್ಕ ಹೇಗೆ ಹಾತೊರೆಯುತ್ತಿದ್ದಾಳೆಂದು ಅವಳಿಗೆ ಗೊತ್ತಿತ್ತು. ಸಿಕ್ಕರೆ ದೊಡ್ಡ ಅಂಗಡಿಯವರು ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ, ಕೈಯಿಂದ ತುಂಬುವ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ಅಕ್ಕ ಮೀನು ಡಬ್ಬಿ ತುಂಬಿಸುವ ತನ್ನ ಶೆಡ್ಡನ್ನು ಬಂದರಿನಾಚೆಯ ಕಾರ್ಖಾನೆಗೆ ಬಿಟ್ಟುಕೊಡುವುದೆಂದು ಆಗಲೇ ಮಾತಾಗಿತ್ತು.

ಏಳಬೇಕಿತ್ತು. ಎದ್ದರೆ ಇದು ಅವಳ ಅಕ್ಕನ ಡಬ್ಬಿಯೆಂದು ಇಡೀ ಮೇಜಿಗೆ ಗೊತ್ತಾಗುತ್ತದೆ, ಇವರೆಲ್ಲ ಮುಲಾಜಿಗೆ ಬಿದ್ದು ನೀಲಿ ಹಾಕುತ್ತಾರೆ, ನಾಳೆ ನಾಲ್ಕು ಜನ ಆಡಿಕೊಳ್ಳುತ್ತಾರೆ. ಹೀಗೆ ತನಗೆ ತಾನೇ ಸಮಜಾಯಿಷಿ ಹೇಳಿಕೊಂಡು ಕೂತೇ ಇದ್ದಳು. ಒಂದು ಪದರ ಬಿಡಿಸಿ ಬಾಯಿಗಿಟ್ಟಳು. ಮೊದಲು ಎಣ್ಣೆಯ ತೆಳುವಾದ ಕಹಿ, ಹಿಂದೆಯೇ ಉಪ್ಪು, ಆಮೇಲೆ ಹಲ್ಲಿಗೆ ಕೆಲಸವೇ ಕೊಡದೆ ಎಳೆ ಎಳೆಯಾಗಿ ಬಿಟ್ಟುಕೊಂಡ ಮೀನು. ಉಗುಳುವ ಪಾತ್ರೆ ಮುಂದೆಯೇ ಇದ್ದರೂ ನುಂಗಿಬಿಟ್ಟಳು. ಇಂಥದ್ದನ್ನು ಅವಳು ಎಷ್ಟೋ ಕಾಲದಿಂದ ತಿಂದಿರಲಿಲ್ಲ. ಹೆದರಿಕೆಯಾದದ್ದೂ ಅದಕ್ಕೇ. ಇದನ್ನು ಹೇಳುತ್ತಿರುವುದು ನಾಲಗೆಯೋ, ಕರುಳೋ? ಒಟ್ಟು ತೂಕದಲ್ಲಿ ಖಾಲಿ ಡಬ್ಬಿಯ ತೂಕ ಕಳೆಯುವ ಹಾಗೆ, ಅಕ್ಕರೆಯ ಪಾಲನ್ನೂ ಕಳೆಯಬೇಕು ಅಂದುಕೊಂಡಳು. ಕಳೆದಳು. ಹಳದಿ ಹಾಕಿದಳು.

ಚೀಲ ಸುರಿದಾಗ ಉಳಿದವೆಲ್ಲ ನೀಲಿ.

"ಯಾವ ಪುಣ್ಯಾತ್ಮನಪ್ಪಾ ಇವನು?" ಬಾಣಸಿಗ ಸಿಡಿದುಬಿದ್ದ. "ಬಾಯಲ್ಲಿ ಹತ್ತಿ ತುರುಕ್ಕೊಂಡು ಬಂದಿದ್ನಾ?"

ಉಳಿದ ಯಾರಿಗೂ ಡಬ್ಬಿಯ ಗುರುತಿರಲಿಲ್ಲ, ಯಾರ ಮುಲಾಜೂ ಇರಲಿಲ್ಲ. ಅವಳು ಮುಂದಿನ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಮರುದಿನ ಬೆಳಿಗ್ಗೆ ಅಕ್ಕ ಶೆಡ್ಡಿನಲ್ಲಿ ಒಬ್ಬಳೇ ಸ್ಟೀಲಿನ ಮೇಜು ತೊಳೆಯುತ್ತಿದ್ದಳು.

"ಬಾರೇ. ಕಾಲು ನೋಡ್ಕೊಂಡು ಇಡು, ಜಾರುತ್ತೆ." ನೀರನ್ನು ಮೇಜಿನ ಅಂಚಿಗೆ ತಳ್ಳುತ್ತಾ ಹೇಳಿದಳು, "ಕೇಳಿದ್ಯಾ? ಒಂದೇ ಒಂದು ಹಳದಿಯಂತೆ. ಅದ್ಯಾವನೋ ಸಿಗರೇಟು ಸೇದಿ ಸೇದಿ ಬಾಯಿ ಸುಟ್ಕೊಂಡಿರೋನು ಅಂತ ಡಬ್ಬಿ ತುಂಬೋ ನಮ್ಮ ಹುಡುಗೀರು ಬೈದಿದ್ದೇ ಬೈದಿದ್ದು."

"ಅಕ್ಕಾ, ಅದು ನಂದು."

ಅಕ್ಕ ಬಟ್ಟೆ ಹಿಂಡಿದಳು, ಕೊಡವಿದಳು, ಹಗ್ಗದ ಮೇಲೆ ಹರವಿದಳು.

"ಚೆನ್ನಾಗಿರ್ಲಿಲ್ವಾ?"

ಬೈದಿದ್ದರೆ ತಂಗಿ ತಡೆದುಕೊಳ್ಳುತ್ತಿದ್ದಳೇನೋ. ಹೊಸ ಅಡುಗೆ ಮಾಡಿದವಳ ಹಾಗೆ ಅಷ್ಟು ಸಣ್ಣ ದನಿಯಲ್ಲಿ ಅಕ್ಕ ಕೇಳಿಬಿಟ್ಟಿದ್ದಳು.

"ನಾನು ತಿಂದಿರೋದ್ರಲ್ಲೆಲ್ಲ ಅದೇ ಚೆನ್ನಾಗಿತ್ತು. ನಿನ್ನ ಕೈ ಅಂತ ಗೊತ್ತಾಗೋಯ್ತು. ಎದ್ದು ಹೋಗ್ಬೇಕಿತ್ತು, ಹೋಗ್ಲಿಲ್ಲ. ನಿನ್ನ ಕಡೆ ವಾಲಿಬಿಡ್ತೀನೇನೋ ಅಂತ..."

"ಅದಕ್ಕೇ ನೀನು ಆಚೆ ಕಡೆ ವಾಲ್ಬಿಟ್ಟೆ."

"ಹೂಂ."

"ಬೇರೆಯವರ ಡಬ್ಬಿ ಆಗಿದ್ರೆ?"

"ನೀಲಿ ಹಾಕ್ತಿದ್ದೆ."

"ಅಂದ್ರೆ ಮೀನಿಗೆ ಒಳ್ಳೆ ಮಾತು ಬರ್ಬೇಕಾದ್ರೆ ನಾನು ನಿನ್ನ ಅಕ್ಕ ಆಗ್ಬಾರ್ದಿತ್ತು." ಅಕ್ಕ ನಗಲು ನೋಡಿದಳು, ಆಗಲಿಲ್ಲ. "ಕಾರ್ಖಾನೆಯವ್ರು ಮಧ್ಯಾಹ್ನ ಬರ್ತಾರೆ."

"ಹುಡುಗೀರ ಗತಿ?"

"ಇಟ್ಕೋತಾರಂತೆ. ಮೆಷೀನಿನ ಗುಂಡಿ ಒತ್ತೋಕೆ."

ತಂಗಿ ಅಕ್ಕನ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅವರಿಗೆ ಇವತ್ತು ಬರ್ಬೇಡಿ ಅನ್ನು. ನಾನು ಈಗ್ಲೇ ಪರೀಕ್ಷೆಯ ಅಧ್ಯಕ್ಷರ ಹತ್ರ ಹೋಗ್ತೀನಿ. ನಿಯಮ ಮುರಿದೆ ಅಂತ ಎಲ್ಲರೆದುರಿಗೆ ಒಪ್ಕೋತೀನಿ. ನನ್ನ ಬಿಲ್ಲೆ ತೆಗೆದು ಹಾಕಿದ್ರೆ ಉಳಿದದ್ದೆಲ್ಲ ನೀಲಿನೇ. ಮುದ್ರೆ ನಿಂದೇ, ಅಕ್ಕ."

"ನಿನ್ನನ್ನ ಆ ಮೇಜಿಗೆ ಮತ್ತೆ ಸೇರಿಸ್ತಾರಾ?"

"ಸೇರಿಸದಿದ್ರೆ ಬೇಡ."

"ಜನ ಏನಂತಾರೆ ಗೊತ್ತಾ? ತಂಗಿ ಹೋಗಿ ಅತ್ತು ಕರೆದು ತಂದ ಮುದ್ರೆ ಅಂತಾರೆ. ಅದನ್ನ ನಾನು ಒಂದೊಂದು ಡಬ್ಬಿಗೂ ಅಂಟಿಸ್ತಾ ಕೂತ್ಕೋಬೇಕು."

"ಅನ್ನೋರು ಅನ್ನಲಿ. ತಪ್ಪು ನಂದು, ನಾನೇ ಸರಿಮಾಡ್ತೀನಿ. ನೀನು ಒಂದು ಸಲ ಹೂಂ ಅನ್ನು ಸಾಕು."

ಅಕ್ಕ ಕೈ ಬಿಡಿಸಿಕೊಂಡಳು.

"ಬೇಡ," ಅಂದಳು.